ಲಾಫಿಂಗ್ ಗ್ಯಾಸ್‌ನಿಂದ ಖಿನ್ನತೆ ಗುಣವಾಗುತ್ತದೆಯೇ? ಫಾರ್ವರ್ಡ್ ಮಾಡುವ ಮೊದಲು ಇದನ್ನೊಮ್ಮೆ ಓದಿ

ಆಶ್ಲೇಷ ಮಳೆ ಹಿಡಿದರೆ ಕಳಸ, ಕೊಟ್ಟಿಗೆಹಾರದ ಕಡೆ ಒಮ್ಮೊಮ್ಮೆ ಮೂರ್ನಾಲ್ಕು ದಿನ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಟವರ್‌ಗೆ ಮತ್ತೆ ಜೀವ ಬಂದ ಕೂಡಲೇ ಅಷ್ಟೂ ದಿನದ ವಾಟ್ಸ್ಆಪ್ ಸಂದೇಶಗಳು ಒಟ್ಟಿಗೆ ಬಂದು ಬೀಳುತ್ತವೆ. ಕಾಫಿ ರೇಟು, ಮಳೆಯ ಲೆಕ್ಕ, ಗುಡ್ಡ ಕುಸಿದ ಫೋಟೊ. ಅದರ ಜೊತೆಗೆ ಆರೋಗ್ಯದ ಫಾರ್ವರ್ಡ್‌ಗಳು.

ಅಂಥ ಫಾರ್ವರ್ಡ್‌ಗಳಲ್ಲಿ ಒಂದು ಬಗೆಯದನ್ನು ಇವತ್ತು ನೋಡೋಣ. ಖಿನ್ನತೆಗೆ ಇನ್ನು ಮಾತ್ರೆಯ ಅಗತ್ಯವಿಲ್ಲ, ಒಂದು ಗಂಟೆ ಗ್ಯಾಸ್ ಉಸಿರಾಡಿದರೆ ಸಾಕು ಎನ್ನುವುದು ಒಂದು. ಹೈಡ್ರೋಜನ್ ನೀರು ಕುಡಿದರೆ ಆತಂಕ ಮಾಯವಾಗುತ್ತದೆ ಎನ್ನುವುದು ಇನ್ನೊಂದು. ಬೆಟ್ಟದ ಗಾಳಿಯಲ್ಲಿ ಆಕ್ಸಿಜನ್ ಜಾಸ್ತಿ, ಅದೇ ಮನಸ್ಸಿಗೆ ಮದ್ದು ಎನ್ನುವುದು ಮತ್ತೊಂದು. ಮೂರರಲ್ಲೂ ‘ಅನಿಲ’ ಎಂಬ ಮಾತು ಬರುವುದರಿಂದ ಎಲ್ಲವೂ ಒಂದೇ ಸಂಶೋಧನೆಯ ಸುದ್ದಿ ಎಂಬ ಭಾವನೆ ಬರುತ್ತದೆ. ಆದರೆ ಅವು ಬೇರೆ ಬೇರೆ.

ಇದನ್ನು ನಾವು ಬರೆಯಲು ಕಾರಣವಿದೆ. ಫಾರ್ವರ್ಡ್ ಹೋಗಿ ತಲುಪುವ ಮನೆಗಳಲ್ಲಿ ತಿಂಗಳುಗಟ್ಟಲೆ ನಿದ್ದೆ ಬಾರದವರು, ಯಾರ ಜೊತೆಯೂ ಮಾತು ಬೇಡವಾದವರು, ಡಾಕ್ಟರ್ ಕೊಟ್ಟ ಮಾತ್ರೆಯನ್ನು ಮನಸ್ಸಿಲ್ಲದ ಮನಸ್ಸಿನಿಂದ ನುಂಗುತ್ತಿರುವವರು ಇರುತ್ತಾರೆ. ‘ಮಾತ್ರೆ ಬೇಡ’ ಎಂಬ ಒಂದು ಸಾಲು ಅವರ ಕೈಗೆ ಸಿಕ್ಕರೆ ಅವರು ಮಾತ್ರೆ ನಿಲ್ಲಿಸಿಬಿಡಬಹುದು.

ಒಂದೇ ಮಾತಿನಲ್ಲಿ ಉತ್ತರ

ಕೆಲವು ಅನಿಲಗಳು ಖಿನ್ನತೆಯನ್ನು ಕಡಿಮೆ ಮಾಡಬಲ್ಲವೇ ಎಂಬ ಸಂಶೋಧನೆ ನಡೆಯುತ್ತಿರುವುದು ನಿಜ. ಅವುಗಳಲ್ಲಿ ಮನುಷ್ಯರ ಮೇಲಿನ ಪ್ರಯೋಗದಲ್ಲಿ ಹೆಚ್ಚು ಮುಂದೆ ಹೋಗಿರುವುದು ನೈಟ್ರಸ್ ಆಕ್ಸೈಡ್, ಅಂದರೆ ಲಾಫಿಂಗ್ ಗ್ಯಾಸ್. ಆದರೆ ಆ ಪ್ರಯೋಗಗಳು ಚಿಕ್ಕವು. ಅವು ನಡೆದದ್ದು ಆಸ್ಪತ್ರೆಯೊಳಗೆ, ಅಳತೆ ಮಾಡಿ ಆಕ್ಸಿಜನ್ ಬೆರೆಸಿದ ಅನಿಲದಿಂದ, ವೈದ್ಯರ ಕಣ್ಣೆದುರಿಗೆ. ಮನೆಯಲ್ಲಿ ಮಾಡಿಕೊಳ್ಳಬಹುದಾದ ಚಿಕಿತ್ಸೆ ಇದಲ್ಲ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಬಿಡಲು ಇದು ಕಾರಣವೂ ಅಲ್ಲ.

ಅನಿಲ ಔಷಧಿಯಾಗಲು ಸಾಧ್ಯವೇ?

ಸಾಧ್ಯ. ಆಕ್ಸಿಜನ್ ಸಿಲಿಂಡರ್ ಎಂದರೇನು ಎಂದು ಕೋವಿಡ್ ಕಾಲದಲ್ಲಿ ಎಲ್ಲರಿಗೂ ತಿಳಿಯಿತು. ಆಪರೇಷನ್ ಥಿಯೇಟರ್‌ನಲ್ಲಿ ಪ್ರಜ್ಞೆ ತಪ್ಪಿಸಲು ಕೊಡುವ ಹಲವು ಔಷಧಿಗಳು ಉಸಿರಿನ ಮೂಲಕವೇ ಒಳಗೆ ಹೋಗುತ್ತವೆ.

ನಾವು ನುಂಗಿದ ಮಾತ್ರೆ ಹೊಟ್ಟೆ, ಕರುಳು, ಲಿವರ್ ದಾಟಿ ರಕ್ತಕ್ಕೆ ಸೇರಬೇಕು. ಉಸಿರಾಡಿದ ಅನಿಲ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ಕ್ಷಣಗಳಲ್ಲಿ ಮಿದುಳು ತಲುಪುತ್ತದೆ. ನೈಟ್ರಸ್ ಆಕ್ಸೈಡ್‌ನಂಥ ಅನಿಲ ಕೊಡುವುದನ್ನು ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಅದರ ಬಹುಪಾಲು ಉಸಿರಿನ ಜೊತೆಗೇ ಹೊರಗೆ ಹೋಗುತ್ತದೆ. ಬೇಗ ಕೆಲಸ ಮಾಡುತ್ತದೆ, ಬೇಗ ಹೊರಟುಹೋಗುತ್ತದೆ. ಸಂಶೋಧಕರನ್ನು ಸೆಳೆದದ್ದು ಈ ಗುಣ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳ ಪೂರ್ತಿ ಪರಿಣಾಮ ಕಾಣಲು ಹಲವು ವಾರ ಬೇಕು. ಆ ವಾರಗಳನ್ನು ಕಳೆಯುವುದು ರೋಗಿಗೆ ಬಹಳ ಕಷ್ಟ.

ಲಾಫಿಂಗ್ ಗ್ಯಾಸ್: 1799ರಿಂದ ಇಲ್ಲಿಯವರೆಗೆ

ನೈಟ್ರಸ್ ಆಕ್ಸೈಡ್ ಅನ್ನು 1772ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. 1799ರಲ್ಲಿ ಬ್ರಿಸ್ಟಲ್‌ನಲ್ಲಿ ಹಂಫ್ರಿ ಡೇವಿ ಎಂಬ ಯುವ ವಿಜ್ಞಾನಿ ಅದನ್ನು ತಾನೇ ಉಸಿರಾಡಿ ನೋಡಿದ. ಅದು ನಗು ತರಿಸುತ್ತದೆ, ನೋವು ಮರೆಸುತ್ತದೆ ಎಂದು 1800ರಲ್ಲಿ ಪುಸ್ತಕ ಬರೆದ. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ಇದನ್ನು ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡ. ಅಲ್ಲಿಂದ ಅದು ಹಲ್ಲಿನ ಚಿಕಿತ್ಸೆಗೆ, ಆಪರೇಷನ್‌ಗೆ, ಹೆರಿಗೆ ನೋವಿಗೆ ಬಳಕೆಗೆ ಬಂತು. ಇಂದಿಗೂ ಬಳಕೆಯಲ್ಲಿದೆ.

ಖಿನ್ನತೆಯ ವಿಷಯಕ್ಕೆ ಬಂದರೆ ಎರಡು ಪ್ರಯೋಗಗಳು ಮುಖ್ಯ. ಎರಡನ್ನೂ ಮುನ್ನಡೆಸಿದವರು ಅರಿವಳಿಕೆ ತಜ್ಞ ಪೀಟರ್ ನಾಗೆಲ್.

ಮೊದಲನೆಯದು 2015ರಲ್ಲಿ ಪ್ರಕಟವಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಡೆದ ಇದರಲ್ಲಿ ಇದ್ದವರು 20 ಜನ. ಎಲ್ಲರೂ ಬೇರೆ ಬೇರೆ ಮಾತ್ರೆ ತೆಗೆದುಕೊಂಡರೂ ಖಿನ್ನತೆ ಕಡಿಮೆಯಾಗದವರು. ಪ್ರತಿಯೊಬ್ಬರಿಗೂ ಒಂದು ದಿನ ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಕ್ಸಿಜನ್ ಇದ್ದ ಮಿಶ್ರಣವನ್ನು ಒಂದು ಗಂಟೆ ಕೊಟ್ಟರು. ಇನ್ನೊಂದು ದಿನ ನೈಟ್ರಸ್ ಆಕ್ಸೈಡ್ ಬದಲು ಸಾಮಾನ್ಯ ನೈಟ್ರೋಜನ್ ಬೆರೆಸಿ ಕೊಟ್ಟರು. ನಿಜವಾದ ಅನಿಲ ಕೊಟ್ಟ ಮರುದಿನ 4 ಜನರಲ್ಲಿ ಖಿನ್ನತೆಯ ಅಂಕ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. 3 ಜನರಲ್ಲಿ ಲಕ್ಷಣಗಳು ಬಹುತೇಕ ಇರಲೇ ಇಲ್ಲ. ಬರಿಯ ನೈಟ್ರೋಜನ್ ಕೊಟ್ಟಾಗ ಅಂಕ ಹಾಗೆ ಇಳಿದದ್ದು ಒಬ್ಬರಲ್ಲಿ ಮಾತ್ರ.

ಎರಡನೆಯದು 2021ರದ್ದು. 24 ಜನ, ತಲಾ ಮೂರು ಸರದಿ. ಒಮ್ಮೆ ಶೇ 50, ಒಮ್ಮೆ ಶೇ 25, ಒಮ್ಮೆ ನೈಟ್ರಸ್ ಆಕ್ಸೈಡ್ ಇಲ್ಲದ ಗಾಳಿ. ಶೇ 25ರ ಪ್ರಮಾಣವೂ ಶೇ 50ರಷ್ಟೇ ಪರಿಣಾಮ ಬೀರಿತು. ವಾಂತಿ, ತಲೆಸುತ್ತು, ತಲೆನೋವಿನಂಥ ತೊಂದರೆಗಳು ಮಾತ್ರ ಬಹಳ ಕಡಿಮೆ ಇದ್ದವು. ಸುಧಾರಣೆ ಹಲವರಲ್ಲಿ ಎರಡು ವಾರದವರೆಗೂ ಕಂಡಿತು.

ಇದು ಒಳ್ಳೆಯ ಸುದ್ದಿಯೇ. ಆದರೆ 20 ಮತ್ತು 24 ಎಂಬ ಸಂಖ್ಯೆಗಳನ್ನು ನೆನಪಿಡಿ. ಒಂದು ಕೆಎಸ್ಆರ್‌ಟಿಸಿ ಬಸ್ಸು ತುಂಬಲೂ ಸಾಲದಷ್ಟು ಜನ. ಇನ್ನೂ ಒಂದು ತೊಡಕಿದೆ. ಲಾಫಿಂಗ್ ಗ್ಯಾಸ್ ಉಸಿರಾಡಿದವರಿಗೆ ತಲೆ ಹಗುರವಾದದ್ದು ಗೊತ್ತಾಗುತ್ತದೆ. ‘ನನಗೆ ಇವತ್ತು ನಿಜವಾದ ಅನಿಲವೇ ಸಿಕ್ಕಿದೆ’ ಎಂದು ರೋಗಿ ಊಹಿಸಿಬಿಟ್ಟರೆ, ಸುಧಾರಣೆಯಲ್ಲಿ ಅನಿಲದ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡು ವಾರದ ನಂತರ ಏನಾಗುತ್ತದೆ, ಮತ್ತೆ ಮತ್ತೆ ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೂ ಉತ್ತರ ಬೇಕು. ಅದಕ್ಕಾಗಿಯೇ ಇದನ್ನು ಇನ್ನೂ ‘ಸಂಭಾವ್ಯ’ ಚಿಕಿತ್ಸೆ ಎನ್ನುತ್ತಾರೆ.

ಆತಂಕದ ವಿಷಯ ಬೇರೆ. ಹಲ್ಲು ಕೀಳಿಸಿಕೊಳ್ಳಲು ಹೆದರುವವರಿಗೆ ದಂತವೈದ್ಯರು ಈ ಅನಿಲ ಕೊಡುತ್ತಾರೆ, ಹೆದರಿಕೆ ಆ ಹೊತ್ತಿಗೆ ಇಳಿಯುತ್ತದೆ. ಅದು ಆ ಅರ್ಧ ಗಂಟೆಯ ಹೆದರಿಕೆ. ದಿನವೂ ಎದೆ ಹಿಂಡುವ ಆತಂಕದ ಕಾಯಿಲೆ ಅದರಿಂದ ಗುಣವಾಗುತ್ತದೆ ಎನ್ನಲು ಈ ಅನುಭವ ಸಾಕ್ಷಿಯಾಗುವುದಿಲ್ಲ.

ಮಿದುಳಿನಲ್ಲಿ ಅದು ಏನು ಮಾಡುತ್ತದೆ?

ಮಿದುಳಿನ ನರಕೋಶಗಳು ಒಂದಕ್ಕೊಂದು ರಾಸಾಯನಿಕಗಳ ಮೂಲಕ ಸುದ್ದಿ ಕಳಿಸುತ್ತವೆ. ಖಿನ್ನತೆಯ ಹೆಚ್ಚಿನ ಮಾತ್ರೆಗಳು ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮಟ್ಟದ ಮೇಲೆ ಕೆಲಸ ಮಾಡುತ್ತವೆ. ನೈಟ್ರಸ್ ಆಕ್ಸೈಡ್ ಹಿಡಿಯುವ ದಾರಿ ಬೇರೆ. ಗ್ಲುಟಮೇಟ್ ಎಂಬ ರಾಸಾಯನಿಕಕ್ಕೆ ನರಕೋಶದ ಮೇಲೆ ಎನ್ಎಂಡಿಎ ಎಂಬ ಬಾಗಿಲುಗಳಿವೆ. ಈ ಅನಿಲ ಆ ಬಾಗಿಲುಗಳನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಅದಾದ ಮೇಲೆ ನರಕೋಶಗಳ ನಡುವಿನ ಸಂಪರ್ಕ ಮತ್ತೆ ಚಿಗುರುತ್ತದೆ, ಅನಿಲ ಹೊರಟುಹೋದ ಮೇಲೂ ಪರಿಣಾಮ ಉಳಿಯುವುದು ಅದರಿಂದಲೇ ಇರಬೇಕು ಎಂಬುದು ಸಂಶೋಧಕರ ಊಹೆ.

ಇದೇ ಬಾಗಿಲನ್ನು ತಡೆಯುವ ಇನ್ನೊಂದು ಔಷಧಿ ಕೆಟಮಿನ್. ಅದರ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ, ಮಾತ್ರೆಗೆ ಬಗ್ಗದ ಖಿನ್ನತೆಗಾಗಿ ಒಪ್ಪಿಗೆ ಸಿಕ್ಕಿತು. ಆ ಸ್ಪ್ರೇಯನ್ನೂ ಮನೆಗೆ ಕೊಟ್ಟು ಕಳಿಸುವುದಿಲ್ಲ. ಚಿಕಿತ್ಸಾ ಕೇಂದ್ರದಲ್ಲೇ ಕೊಟ್ಟು ಎರಡು ಗಂಟೆ ರೋಗಿಯನ್ನು ಗಮನಿಸಬೇಕೆಂಬ ನಿಯಮವಿದೆ.

ಅಪರೂಪದ ಅನಿಲವಾದ ಕ್ಸೆನಾನ್ ಕೂಡ ಇದೇ ಬಾಗಿಲನ್ನು ತಡೆಯುತ್ತದೆ. ಅದನ್ನೂ ಆತಂಕದ ಕಾಯಿಲೆಗಳಿಗೆ ಪ್ರಯೋಗಿಸಿ ನೋಡಲಾಗಿದೆ. ಆದರೆ ಗಾಳಿಯಿಂದ ಅದನ್ನು ಬೇರ್ಪಡಿಸಲು ಖರ್ಚು ವಿಪರೀತ.

ತೋಟದ ಗಾಳಿಯಲ್ಲೂ ಇದೆಯಲ್ಲ?

ಇದೆ. ತೋಟಕ್ಕೆ ಯೂರಿಯಾ ಹಾಕಿದಾಗ ಮಣ್ಣಿನ ಸೂಕ್ಷ್ಮಜೀವಿಗಳು ಅದರ ನೈಟ್ರೋಜನ್‌ನ ಒಂದಂಶವನ್ನು ನೈಟ್ರಸ್ ಆಕ್ಸೈಡ್ ಮಾಡಿ ಗಾಳಿಗೆ ಬಿಡುತ್ತವೆ. ಭೂಮಿ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ. ಹಾಗಾದರೆ ಗೊಬ್ಬರ ಹಾಕಿದ ತೋಟದಲ್ಲಿ ಅಡ್ಡಾಡಿದರೆ ಚಿಕಿತ್ಸೆಯಾಯಿತೇ?

ಇಲ್ಲ. ಗಾಳಿಯ ಹತ್ತು ಲಕ್ಷ ಭಾಗಗಳನ್ನು ತೆಗೆದುಕೊಂಡರೆ ಅದರಲ್ಲಿ ಈ ಅನಿಲ ಸರಾಸರಿ ಒಂದು ಭಾಗವೂ ಇಲ್ಲ, ಅದರ ಮೂರನೇ ಒಂದರಷ್ಟು ಮಾತ್ರ. ಪ್ರಯೋಗದಲ್ಲಿ ಕೊಟ್ಟದ್ದು ಹತ್ತು ಲಕ್ಷದಲ್ಲಿ ಎರಡೂವರೆ ಲಕ್ಷದಿಂದ ಐದು ಲಕ್ಷ ಭಾಗ. ಅಣು ಒಂದೇ, ಪ್ರಮಾಣ ಬೇರೆ. ಅನಿಲಗಳ ಬಗ್ಗೆ ಬರುವ ಯಾವ ಫಾರ್ವರ್ಡ್ ಓದಿದರೂ ‘ಎಷ್ಟು?’ ಎಂಬ ಪ್ರಶ್ನೆಯನ್ನು ಮೊದಲು ಕೇಳಿ.

ಮನೆಯಲ್ಲಿ ಏಕೆ ಬೇಡ?

ಕೇಕ್ ಮತ್ತು ಕೋಲ್ಡ್ ಕಾಫಿಯ ಮೇಲಿನ ಕ್ರೀಮ್ ಉಬ್ಬಿಸಲು ಬಳಸುವ ಚಿಕ್ಕ ಉಕ್ಕಿನ ಡಬ್ಬಿಗಳಲ್ಲಿ ಇರುವುದೂ ನೈಟ್ರಸ್ ಆಕ್ಸೈಡೇ. ಇದನ್ನು ಮತ್ತಿಗಾಗಿ ಉಸಿರಾಡುವ ಚಟ ಹಲವು ದೇಶಗಳಲ್ಲಿದೆ. ಬ್ರಿಟನ್ 2023ರ ನವೆಂಬರ್‌ನಲ್ಲಿ ಹಾಗೆ ಬಳಸಲು ಇಟ್ಟುಕೊಳ್ಳುವುದನ್ನೇ ಅಪರಾಧ ಎಂದು ಮಾಡಿತು.

ಅಪಾಯ ಎರಡು ಬಗೆಯದು. ಮೊದಲನೆಯದು ಉಸಿರಿನದು. ಆಸ್ಪತ್ರೆಯಲ್ಲಿ ಈ ಅನಿಲದ ಜೊತೆ ಆಕ್ಸಿಜನ್ ಬೆರೆಸಿರುತ್ತಾರೆ. ಡಬ್ಬಿಯಲ್ಲಿ ಆಕ್ಸಿಜನ್ ಇರುವುದಿಲ್ಲ.

ಎರಡನೆಯದು ನಿಧಾನವಾಗಿ ಆಗುವ ಹಾನಿ. ನೈಟ್ರಸ್ ಆಕ್ಸೈಡ್ ನಮ್ಮ ದೇಹದಲ್ಲಿರುವ ವಿಟಮಿನ್ ಬಿ12 ಅನ್ನು ನಿಷ್ಕ್ರಿಯಗೊಳಿಸುತ್ತದೆ. ನರಗಳ ಮೇಲಿನ ಹೊದಿಕೆ ಗಟ್ಟಿಯಾಗಿರಲು ಬಿ12 ಬೇಕೇ ಬೇಕು. ಮತ್ತೆ ಮತ್ತೆ ಉಸಿರಾಡುವವರಿಗೆ ಮೊದಲು ಕೈಕಾಲು ಜುಮುಜುಮು ಎನ್ನುತ್ತದೆ, ಆಮೇಲೆ ನಡಿಗೆ ತಪ್ಪುತ್ತದೆ. ಚಿಕಿತ್ಸೆ ತಡವಾದರೆ ಹಾನಿ ಶಾಶ್ವತವಾಗಬಹುದು. ನಮ್ಮ ದೇಶದಲ್ಲಿ ಇದು ಇನ್ನೂ ಮುಖ್ಯ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಬರಿಯ ಸಸ್ಯಾಹಾರ ತಿನ್ನುವವರಲ್ಲಿ, ಹಾಲೂ ಕಡಿಮೆ ಕುಡಿಯುವವರಲ್ಲಿ ಅದು ಮೊದಲೇ ಕಡಿಮೆ ಇರುವುದು ಸಾಮಾನ್ಯ. ಬಿ12 ಕೊರತೆಯಿಂದಲೇ ಮನಸ್ಸು ಕುಗ್ಗುವುದೂ ಉಂಟು. ಅಂಥವರು ತಾವಾಗಿಯೇ ಈ ಅನಿಲಕ್ಕೆ ಕೈ ಹಾಕಿದರೆ ಇರುವ ತೊಂದರೆ ಇನ್ನಷ್ಟು ಹೆಚ್ಚುತ್ತದೆ.

ದೇಹವೇ ತಯಾರಿಸುವ ಮೂರು ಅನಿಲಗಳು

ಕೆಲವು ಫಾರ್ವರ್ಡ್‌ಗಳು ‘ನಮ್ಮ ದೇಹದಲ್ಲೇ ಇರುವ ಅನಿಲ, ಹಾಗಾಗಿ ತೊಂದರೆಯಿಲ್ಲ’ ಎಂದು ವಾದಿಸುತ್ತವೆ. ಇದರ ಅರ್ಧ ಭಾಗ ನಿಜ. ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಎಂಬ ಮೂರು ಅನಿಲಗಳನ್ನು ದೇಹ ಅತಿ ಸಣ್ಣ ಪ್ರಮಾಣದಲ್ಲಿ ತಯಾರಿಸುತ್ತದೆ. ಜೀವಕೋಶಗಳ ನಡುವೆ ಸುದ್ದಿ ಒಯ್ಯುವ ಕೆಲಸಕ್ಕೆ ಅವು ಬಳಕೆಯಾಗುತ್ತವೆ.

ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ ಎಂದು ಕಂಡುಹಿಡಿದದ್ದಕ್ಕೆ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿದ್ ಮುರಾದ್ ಅವರಿಗೆ 1998ರ ನೊಬೆಲ್ ಬಂತು. ಗಮನಿಸಿ, ಇದು ನೈಟ್ರಿಕ್ ಆಕ್ಸೈಡ್. ಲಾಫಿಂಗ್ ಗ್ಯಾಸ್ ಆದ ನೈಟ್ರಸ್ ಆಕ್ಸೈಡ್ ಬೇರೆಯೇ ಅಣು. ಹೆಸರಿನ ಹೋಲಿಕೆಯಿಂದ ಫಾರ್ವರ್ಡ್‌ಗಳಲ್ಲಿ ಎರಡನ್ನೂ ಬೆರೆಸಿಬಿಡುವುದು ಸುಲಭ. ಇಲಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಮಿದುಳಿನ ನೈಟ್ರಿಕ್ ಆಕ್ಸೈಡ್ ಉತ್ಪಾದನೆಯನ್ನು ಕಡಿಮೆ ಮಾಡಿದಾಗ ಖಿನ್ನತೆಯಂಥ ಲಕ್ಷಣ ಇಳಿದದ್ದೂ ಇದೆ. ಅಂದರೆ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವಂತಿಲ್ಲ.

ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಮಿದುಳಿನಲ್ಲಿ ಅದಕ್ಕೊಂದು ಕೆಲಸವಿದೆ ಎಂದು ಜಪಾನಿನ ಸಂಶೋಧಕರು 1996ರಲ್ಲಿ ತೋರಿಸಿದರು. ಅದನ್ನು ಬಿಡುಗಡೆ ಮಾಡುವ ಲವಣವನ್ನು ಇಲಿಗಳಿಗೆ ಕೊಟ್ಟಾಗ ಆತಂಕದ ಲಕ್ಷಣ ಕಡಿಮೆಯಾದ ವರದಿಗಳಿವೆ. ಮನುಷ್ಯರಿಗೆ ಖಿನ್ನತೆಯ ಔಷಧಿಯಾಗಿ ಅದು ಬಂದಿಲ್ಲ.

ಈ ವಾಸನೆ ಕಾಫಿ ನಾಡಿನವರಿಗೆ ಹೊಸತಲ್ಲ. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಪಲ್ಪರ್ ನೀರು ಗುಂಡಿಯಲ್ಲಿ ನಿಂತು ಕೊಳೆತರೆ ಬರುವ ನಾತದಲ್ಲಿ ಇದೇ ಅನಿಲ ಇರುತ್ತದೆ. ಗೊಬ್ಬರದ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿಗಳಲ್ಲೂ ಇರುತ್ತದೆ. ಪ್ರಮಾಣ ಹೆಚ್ಚಾದರೆ ಮೂಗು ಈ ವಾಸನೆಯನ್ನು ಗುರುತಿಸುವುದನ್ನೇ ನಿಲ್ಲಿಸಿಬಿಡುತ್ತದೆ. ‘ನಾತ ಹೋಯಿತು, ಈಗ ಇಳಿಯಬಹುದು’ ಎಂದುಕೊಳ್ಳುವುದು ದೊಡ್ಡ ತಪ್ಪು. ಗುಂಡಿಯಲ್ಲಿ ಯಾರಾದರೂ ಕುಸಿದರೆ ಕಾಪಾಡಲು ಹಿಂದೆಯೇ ಇಳಿಯಬೇಡಿ. ಹಾಗೆ ಇಳಿದವರೂ ಕುಸಿಯುತ್ತಾರೆ. 112ಕ್ಕೆ ಕರೆ ಮಾಡಿ.

ಮೂರನೆಯದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿದರೆ, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿದರೆ ಈ ಅನಿಲ ತುಂಬಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು ಮೊದಲ ಲಕ್ಷಣಗಳು. ಪಿತ್ತ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಬದುಕಿ ಉಳಿದವರಲ್ಲೂ ಕೆಲವರಿಗೆ ವಾರಗಳ ನಂತರ ಮರೆವು, ಮಂಕು, ಖಿನ್ನತೆ ಕಾಣಿಸಿಕೊಳ್ಳುತ್ತದೆ. ಔಷಧಿಯಾಗಬಹುದೇ ಎಂದು ಲ್ಯಾಬ್‌ನಲ್ಲಿ ಪರೀಕ್ಷಿಸುತ್ತಿರುವ ಅಣುವೇ ಮನೆಯಲ್ಲಿ ಖಿನ್ನತೆ ತರಲೂಬಹುದು. ದೇಹದಲ್ಲೇ ಇದೆ ಎಂದ ಮಾತ್ರಕ್ಕೆ ಹೊರಗಿನಿಂದ ಉಸಿರಾಡಿದರೆ ಸುರಕ್ಷಿತ ಎಂದಾಗುವುದಿಲ್ಲ.

ಹೈಡ್ರೋಜನ್ ನೀರು

2007ರಲ್ಲಿ ಜಪಾನಿನ ಸಂಶೋಧಕರು ಹೈಡ್ರೋಜನ್ ಅನಿಲ ಇಲಿಗಳ ಮಿದುಳನ್ನು ಒಂದು ಬಗೆಯ ಹಾನಿಯಿಂದ ಕಾಪಾಡಿತು ಎಂದು ಪ್ರಕಟಿಸಿದರು. ಅಲ್ಲಿಂದ ಹೈಡ್ರೋಜನ್ ನೀರಿನ ಬಾಟಲಿ, ಯಂತ್ರಗಳ ವ್ಯಾಪಾರ ಬೆಳೆಯಿತು. ಒತ್ತಡಕ್ಕೊಳಗಾದ ಇಲಿಗಳ ಮೇಲೆ, ಬೆರಳೆಣಿಕೆಯ ಆರೋಗ್ಯವಂತರ ಮೇಲೆ ಸಣ್ಣ ಅಧ್ಯಯನಗಳೂ ಆಗಿವೆ. ಖಿನ್ನತೆಯ ಕಾಯಿಲೆಗೆ ಇದು ಚಿಕಿತ್ಸೆ ಎನ್ನಲು ಅವು ಸಾಲವು.

ಲೆಕ್ಕ ನೋಡಿ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಹೈಡ್ರೋಜನ್ ಸುಮಾರು 1.6 ಮಿಲಿಗ್ರಾಂ ಮಾತ್ರ. ಮುಚ್ಚಳ ತೆರೆದಿಟ್ಟರೆ ಅದೂ ಹಾರಿಹೋಗುತ್ತದೆ. ಇನ್ನೊಂದೆಡೆ, ಹುರುಳಿ, ಅವರೆಕಾಳು ತಿಂದ ದಿನ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೇ ಪುಕ್ಕಟೆಯಾಗಿ ಹೈಡ್ರೋಜನ್ ತಯಾರಿಸುತ್ತವೆ. ಹೈಡ್ರೋಜನ್ ನೀರು ಕುಡಿದರೆ ದೊಡ್ಡ ತೊಂದರೆಯಿಲ್ಲ. ಡಾಕ್ಟರ್ ಹತ್ತಿರ ಹೋಗಬೇಕಾದ ಹಣ ಯಂತ್ರಕ್ಕೆ ಹೋದರೆ, ತಿಂಗಳುಗಳು ಕಳೆದುಹೋದರೆ ಅದು ತೊಂದರೆ.

ಆತಂಕ ಬಂದಾಗ ಕವರಿನೊಳಗೆ ಉಸಿರಾಡಬೇಕೇ?

ಬೇಡ. ಪ್ಯಾನಿಕ್ ಆದಾಗ ಪೇಪರ್ ಕವರಿನಲ್ಲಿ ಉಸಿರಾಡಿ ಎಂಬ ಸಲಹೆ ಹಳೆಯದು. ಹಾಗೆ ಮಾಡಿದರೆ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಮತ್ತೆ ಒಳಗೆ ಹೋಗುತ್ತದೆ. ಈ ಅನಿಲದ ಪ್ರಮಾಣ ಹೆಚ್ಚಾದರೆ ಅದೇ ಭಯ ಹುಟ್ಟಿಸುತ್ತದೆ. ಪ್ಯಾನಿಕ್ ಬಗ್ಗೆ ಸಂಶೋಧನೆ ಮಾಡುವವರು ಶೇ 35 ಕಾರ್ಬನ್ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದು ಉಸಿರು ಕೊಟ್ಟು ಭಯ ಬರಿಸುತ್ತಾರೆ. ಮಿದುಳಿನಲ್ಲಿ ಭಯದ ಕೇಂದ್ರ ಎನ್ನಲಾಗುವ ಅಮಿಗ್ಡಲಾ ಹಾಳಾಗಿ, ಹಾವು ಕಂಡರೂ ಹೆದರದ ಮಹಿಳೆಯೊಬ್ಬರು ಈ ಅನಿಲ ಉಸಿರಾಡಿದಾಗ ಹೆದರಿದರು ಎಂದು 2013ರ ಒಂದು ಅಧ್ಯಯನ ಹೇಳುತ್ತದೆ. ಅಲ್ಲದೆ, ಪ್ಯಾನಿಕ್ ಎಂದುಕೊಂಡದ್ದು ಅಸ್ತಮಾ ಅಥವಾ ಹೃದಯದ ತೊಂದರೆಯಾಗಿದ್ದರೆ ಕವರು ಜೀವಕ್ಕೇ ಅಪಾಯ. ಕುಳಿತುಕೊಂಡು ನಿಧಾನವಾಗಿ ಉಸಿರು ಬಿಡುವುದು ಸುರಕ್ಷಿತ. ಎದೆನೋವು ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಬೆಟ್ಟದ ಗಾಳಿಯಲ್ಲಿ ಆಕ್ಸಿಜನ್ ಜಾಸ್ತಿಯೇ?

ಇಲ್ಲ. ಗಾಳಿಯಲ್ಲಿ ಆಕ್ಸಿಜನ್ ಪಾಲು ಮಂಗಳೂರಿನಲ್ಲೂ ಮುಳ್ಳಯ್ಯನಗಿರಿಯಲ್ಲೂ ಸುಮಾರು ಶೇ 21. ಆದರೆ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಒಂದು ಉಸಿರಿನಲ್ಲಿ ಸಿಗುವ ಆಕ್ಸಿಜನ್ನೂ ಅಷ್ಟು ಕಡಿಮೆಯೇ. ಅಲ್ಲಿ ಹೋದರೆ ಮನಸ್ಸಿಗೆ ಹಿತವಾಗುವುದು ಸುಳ್ಳಲ್ಲ. ಕಾರಣ ನಡಿಗೆ, ಹಸಿರು, ಬಿಡುವು, ಜೊತೆಗಿರುವವರು.

ರಜೆಗೆ ಬಂದವರಿಗೆ ಹಿತ ಕೊಡುವ ಬೆಟ್ಟ ಅಲ್ಲೇ ಇರುವವರ ಪಾಲಿಗೆ ಬೇರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರಿದ್ದಾರೆ. ಅಕಾಲದ ಮಳೆಗೆ ಹಣ್ಣು ಉದುರಿ ಸಾಲ ಉಳಿದವರಿದ್ದಾರೆ. ಮಳೆಗಾಲವಿಡೀ ಲೈನ್ ಮನೆಯಲ್ಲೇ ಕೂರಬೇಕಾದ ಕೂಲಿಯವರಿದ್ದಾರೆ. ಒಳ್ಳೆಯ ಗಾಳಿ ಕುಡಿದು ಬದುಕುವವರಿಗೆ ಖಿನ್ನತೆ ಎಲ್ಲಿಂದ ಬರಬೇಕು ಎಂಬ ಮಾತು ಅವರನ್ನು ಇನ್ನಷ್ಟು ಒಂಟಿ ಮಾಡುತ್ತದೆ.

ಹಾಗಾದರೆ ಈಗ ಏನು ಮಾಡಬೇಕು?

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಯಿತು. ಸುಮಾರು 20 ಜನರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸುತ್ತಾರೆ ಎಂದು ಅದು ಕಂಡುಕೊಂಡಿತು. ಖಿನ್ನತೆ ಇದ್ದವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹೊಸ ಅನಿಲ ಬರುವವರೆಗೆ ಕಾಯಬೇಕಾದ ಸ್ಥಿತಿ ಇವರದ್ದಲ್ಲ. ಈಗಾಗಲೇ ಇರುವ ಮಾತ್ರೆ, ಆಪ್ತ ಸಮಾಲೋಚನೆಗಳಿಂದಲೇ ಹೆಚ್ಚಿನವರು ಸುಧಾರಿಸುತ್ತಾರೆ. ಅದು ಅವರನ್ನು ತಲುಪಿಲ್ಲ, ಅಷ್ಟೆ.

ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ತಾನು ಯಾರಿಗೂ ಬೇಡ ಎನ್ನಿಸುತ್ತಿದ್ದರೆ ಡಾಕ್ಟರನ್ನು ಕಾಣಬೇಕು. ಇದಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ.

ಟೆಲಿ ಮಾನಸ್ ಸಹಾಯವಾಣಿ 14416. ಕೇಂದ್ರ ಸರ್ಕಾರದ ಈ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು.

ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಹೆಸರಿನ ಮಂಗಳವಾರದ ಕ್ಲಿನಿಕ್ ನಡೆಸುವ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯಲ್ಲೋ ಮೊದಲೇ ಕೇಳಿಕೊಂಡರೆ ಬಸ್ ಚಾರ್ಜು ಉಳಿಯುತ್ತದೆ.

ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಖಿನ್ನತೆ ಮರಳಬಹುದು. ಮಾತ್ರೆಯಿಂದ ಪ್ರಯೋಜನವಿಲ್ಲ ಎನಿಸಿದರೆ, ಅಡ್ಡಪರಿಣಾಮ ತಡೆಯಲಾಗದಿದ್ದರೆ ಡಾಕ್ಟರ್‌ಗೆ ಹೇಳಿ. ಪ್ರಮಾಣ ಅಥವಾ ಮಾತ್ರೆ ಬದಲಿಸಲು ದಾರಿಯಿದೆ.

ಯಾರಾದರೂ ಬದುಕು ಸಾಕು ಎಂಬ ಮಾತಾಡಿದರೆ ಅದನ್ನು ತಮಾಷೆ ಎಂದುಕೊಳ್ಳಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಅವರ ಪಕ್ಕದಲ್ಲೇ ಕುಳಿತು 14416ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮೊದಲು ನಾಲ್ಕು ಪ್ರಶ್ನೆ

ಒಂದು, ಪ್ರಯೋಗ ಮಾಡಿದ್ದು ಇಲಿಯ ಮೇಲೋ ಮನುಷ್ಯರ ಮೇಲೋ?
ಎರಡು, ಎಷ್ಟು ಜನರ ಮೇಲೆ, ಎಷ್ಟು ದಿನ?
ಮೂರು, ಯಾವ ಪ್ರಮಾಣದಲ್ಲಿ, ಎಲ್ಲಿ, ಯಾರ ಕಣ್ಣೆದುರಿಗೆ ಕೊಟ್ಟರು?
ನಾಲ್ಕು, ಇರುವ ಚಿಕಿತ್ಸೆ ಬಿಡಿ ಎಂದು ಅದು ಹೇಳುತ್ತಿದೆಯೇ?

ನಾಲ್ಕನೆಯದಕ್ಕೆ ಉತ್ತರ ‘ಹೌದು’ ಎಂದಾದರೆ ಆ ಸಂದೇಶ ಎಷ್ಟೇ ವಿಜ್ಞಾನದ ಪದ ಬಳಸಿದ್ದರೂ ಮುಂದೆ ಕಳಿಸಬೇಡಿ. ಲಾಫಿಂಗ್ ಗ್ಯಾಸ್ ಮುಂದೊಂದು ದಿನ ನಮ್ಮ ಆಸ್ಪತ್ರೆಗಳಲ್ಲಿ ಖಿನ್ನತೆಯ ಚಿಕಿತ್ಸೆಯಾಗಿ ಬಂದರೆ ಅದನ್ನು ಕೊಡುವವರು ವೈದ್ಯರೇ. ಅಲ್ಲಿಯವರೆಗೆ ಗುಂಪಿಗೆ ಕಳಿಸಲೇಬೇಕು ಎನಿಸಿದರೆ ಐದು ಅಂಕಿಗಳನ್ನು ಕಳಿಸಿ: 14416.